ಹತ್ತು ಗಂಟೆಯ ಚಿತ್ರ

ಅದು ಬುಧವಾರ. ನನ್ನ ದಿನಚರಿಯಲ್ಲಿ ಬುಧವಾರವೆಂದಿದೆ. ಮಸ್ಕತ್ತಿನ ಖುರುಮಿನಲ್ಲಿ ಕಾರು ನಿಲ್ಲಿಸಲು ಫೋನಿನಿಂದ ಕಳುಹಿಸಿದ ಶುಲ್ಕದ ಸಂದೇಶವೂ ಬುಧವಾರದ್ದೇ. ನನ್ನ ಹೆಂಡತಿ ಮಾತ್ರ ಅದು ಮಂಗಳವಾರವೆಂದು ಈಗಲೂ ವಾದಿಸುತ್ತಾಳೆ. ಎರಡು ಲಿಖಿತ ಸಾಕ್ಷ್ಯಗಳ ಎದುರಿಗೆ ಒಂದು ನೆನಪು ನಿಲ್ಲುವುದಿಲ್ಲವಾದ್ದರಿಂದ ಬುಧವಾರವನ್ನೇ ಇಟ್ಟುಕೊಂಡಿದ್ದೇನೆ. ಆ ಬೆಳಿಗ್ಗೆ ಆಫ್ರಿಕದ ಪೂರ್ವತೀರದ ಒಂದು ದ್ವೀಪದಲ್ಲಿ, ಈಜು ಬಾರದ ಯುವತಿಯೊಬ್ಬಳು ಸಮುದ್ರಕ್ಕೆ ಇಳಿದಿದ್ದಳು. ಅವಳನ್ನು ನೀರಿಗೆ ಇಳಿಸಿದ್ದು ನಾನು ಬರೆದ ಒಂದು ನಿಯಮ. ಇದನ್ನು ಮೊದಲೇ ಹೇಳಿಬಿಡುವುದು ಉಚಿತ.

ನಾನು ವಿಜಯಪುರ ಜಿಲ್ಲೆಯವನು, ಜಲವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನು. ವೃತ್ತಿಜೀವನದ ಬಹುಭಾಗ ಒಮಾನಿನಲ್ಲಿ ಫಲಜ್‌ಗಳ ನೀರನ್ನು ಅಳೆಯುವುದರಲ್ಲಿ ಕಳೆಯಿತು. ಬೆಟ್ಟದ ಬುಡದ ನೀರನ್ನು ಖರ್ಜೂರದ ತೋಟಗಳವರೆಗೆ ತರುವ ಕಲ್ಲುಗಾಲುವೆಗೆ ಇಲ್ಲಿ ಫಲಜ್ ಎನ್ನುತ್ತಾರೆ. ಪ್ರತಿದಿನ, ಒಂದೇ ಜಾಗದಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ, ಒಂದು ಅಳತೆ. ಹಬ್ಬವಿರಲಿ, ಜ್ವರವಿರಲಿ, ಮರಳುಗಾಳಿಯಿರಲಿ, ಅಳತೆ ತಪ್ಪಕೂಡದು. ಒಂದು ದಿನದ ಅಂಕಣ ಖಾಲಿಯಿದ್ದರೆ ಆ ತಿಂಗಳ ಹಾಳೆಯನ್ನೇ ನಾನು ಪಕ್ಕಕ್ಕಿಡುತ್ತಿದ್ದೆ. ಸಹಾಯಕರು ಬೈದುಕೊಳ್ಳುತ್ತಿದ್ದರು. ನನ್ನ ಹಾಳೆಗಳನ್ನು ಮಾತ್ರ ಯಾರೂ ಪ್ರಶ್ನಿಸುತ್ತಿರಲಿಲ್ಲ. ನಿವೃತ್ತನಾದ ಮೇಲೆ ಅಲ್ ಖೌದಿನಲ್ಲಿ, ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ಮಗಳ ಮನೆಯಲ್ಲಿ, ನಾವಿಬ್ಬರೂ ಅವಳ ವೀಸಾದ ಮೇಲೆ ಉಳಿದುಕೊಂಡೆವು. ಕೆಲಸವಿಲ್ಲದ ಮನುಷ್ಯನಿಗೆ ಕೆಳಗಿನ ಜೆರಾಕ್ಸ್ ಅಂಗಡಿಯೂ ಗ್ರಂಥಾಲಯದಂತೆ ಕಾಣುತ್ತದೆ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ತಾರೀಕಿನ ತಪ್ಪುಗಳನ್ನು ಹುಡುಕುತ್ತ ಅಲ್ಲಿ ನಿಂತಿರುತ್ತಿದ್ದೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವರು ಉಳ್ಳಾಲದ ಕಡೆಯ ಒಬ್ಬ ಬ್ಯಾರಿ ವರ್ತಕರು. ಖುರುಮಿನಲ್ಲಿ ಅವರ ಕಚೇರಿ. ನೆಲದ ಹಾಸುಗಳನ್ನೂ ನಲ್ಲಿಗಳನ್ನೂ ಆಫ್ರಿಕದ ಬಂದರುಗಳಿಗೆ ಕಳುಹಿಸುವ ವ್ಯಾಪಾರ. ಆ ತೀರದಿಂದ ಬಂದ ಸಂಪಾದನೆಯಲ್ಲಿ ಒಂದು ಪಾಲು ಆ ತೀರಕ್ಕೇ ಹಿಂತಿರುಗಬೇಕೆಂದು ತಮ್ಮ ಒಮಾನಿ ಪಾಲುದಾರರೊಡನೆ ಸೇರಿ ಚಿಕ್ಕದೊಂದು ನಿಧಿಯನ್ನು ಕಟ್ಟಿದ್ದರು. ಅಲ್ಲಿನ ಯುವಕ ಯುವತಿಯರಿಗೆ ಆರು ತಿಂಗಳು ಆನ್‌ಲೈನ್ ಮೂಲಕ ವ್ಯಾಪಾರದ ತರಬೇತಿ, ಬಳಿಕ ಎರಡು ಕಂತುಗಳಲ್ಲಿ ಅನುದಾನ. ಎರಡನೆಯ ಕಂತಿಗೆ ಮುನ್ನ ಅವರ ದಾಖಲೆಗಳನ್ನು ಯಾರಾದರೂ ಪರಿಶೀಲಿಸಬೇಕಿತ್ತು.

"ಡಾಕ್ಟ್ರೇ, ನೀವು ಮದುವೆ ಕಾಗದ ಬಂದ್ರೂ ಮೊದಲು ವಾರ, ತಾರೀಕು ತಾಳೆ ನೋಡ್ತೀರಂತೆ, ಹೌದಾ?" ಎಂದು ಅವರು ಕೇಳಿದ್ದರು.

"ನೋಡುತ್ತೇನೆ."

"ತಪ್ಪಿದ್ರೆ?"

"ಫೋನು ಮಾಡಿ ಹೇಳುತ್ತೇನೆ."

"ಯಾ ಅಲ್ಲಾಹ್! ನಮಗೆ ಬೇಕಾದದ್ದು ಇಂಥ ಜನವೇ ಮಾರಾಯ್ರೆ. ನಾಳೆಯಿಂದ ಬನ್ನಿ. ಸಂಬಳ ಇಲ್ಲ, ಚಾ ಉಂಟು."

ದಾಖಲೆಗಳನ್ನು ಇಡುವ ಬಗೆಯನ್ನು ಕುರಿತ ಪಾಠವನ್ನು ನಾನೇ ತೆಗೆದುಕೊಂಡೆ. ನಮೂನೆಯನ್ನೂ ನಾನೇ ರಚಿಸಿದೆ. ತಿಂಗಳ ಪ್ರತಿದಿನಕ್ಕೂ ಒಂದು ಅಂಕಣ. ಪ್ರತಿದಿನ ಬೆಳಿಗ್ಗೆ ಹತ್ತು ಗಂಟೆಗೆ ಕೆಲಸದ ಸ್ಥಳದಲ್ಲಿ ತೆಗೆದ, ಮೂಲೆಯಲ್ಲಿ ತಾರೀಕು ಮತ್ತು ಸಮಯ ಅಚ್ಚಾದ ಒಂದು ಭಾವಚಿತ್ರ. ಖಾಲಿ ಅಂಕಣವಿರುವ ಕಡತವನ್ನು ಎರಡನೆಯ ಕಂತಿಗೆ ಶಿಫಾರಸು ಮಾಡತಕ್ಕದ್ದಲ್ಲ ಎಂಬ ವಾಕ್ಯವನ್ನು ನಿಯಮಾವಳಿಯಲ್ಲಿ ಸೇರಿಸಿದೆ. ನಿಧಿಯ ಸಮಿತಿ ಅದಕ್ಕೆ ಸಹಿ ಹಾಕಿತು.

ನನ್ನ ಇಂಗ್ಲಿಷನ್ನು ಸ್ವಾಹಿಲಿಗೆ ತಿರುಗಿಸುತ್ತಿದ್ದವರು ಇಬ್ರಾ ಪಟ್ಟಣದ ಒಬ್ಬ ಒಮಾನಿ ಮಹಿಳೆ, ನಿವೃತ್ತ ಶಿಕ್ಷಕಿ. ಅವರ ಮನೆತನ ಒಂದು ಕಾಲಕ್ಕೆ ಆ ದ್ವೀಪಗಳಲ್ಲಿದ್ದು ಮರಳಿದ್ದು. ಅಂಥ ಮನೆಗಳಲ್ಲಿ ಅಡುಗೆಮನೆಯ ಭಾಷೆ ಇಂದಿಗೂ ಸ್ವಾಹಿಲಿಯೇ. ತರಗತಿಯಲ್ಲಿ ಹನ್ನೆರಡು ಜನರಿದ್ದರು. ಜೇನು ಸಾಕುವವನೊಬ್ಬ, ಮೊಬೈಲ್ ರಿಪೇರಿಯವನೊಬ್ಬ, ಹೀಗೆ. ನಾನು ಹೇಳಲಿರುವ ಯುವತಿ ಕಡಲಪಾಚಿಯನ್ನು ಬೆಳೆದು, ಒಣಗಿಸಿ, ಅದರಿಂದ ಸಾಬೂನು ಮಾಡುತ್ತಿದ್ದಳು. ತೀರದಿಂದ ಸ್ವಲ್ಪ ದೂರದಲ್ಲಿ ಗೂಟಗಳನ್ನು ನೆಟ್ಟು, ಹಗ್ಗ ಬಿಗಿದು, ಹಗ್ಗಕ್ಕೆ ಪಾಚಿಯ ಎಸಳುಗಳನ್ನು ಕಟ್ಟುವ ಬೇಸಾಯ ಅದು. ತೀರದ ಬಳಿಯ ನೀರು ವರ್ಷದಿಂದ ವರ್ಷಕ್ಕೆ ಬಿಸಿಯಾಗಿ ಪಾಚಿ ಕೊಳೆಯುತ್ತಿದ್ದುದರಿಂದ ಅವಳೂ ಅವಳೊಡನಿದ್ದ ಐವರು ಹೆಂಗಸರೂ ಗೂಟಗಳನ್ನು ಇನ್ನಷ್ಟು ಆಳಕ್ಕೆ ಒಯ್ದಿದ್ದರು. ಅವರಲ್ಲಿ ಯಾರಿಗೂ ಈಜು ಬಾರದು. ಎರಡನೆಯ ಕಂತಿನಲ್ಲಿ ಅವಳು ಬೇಡಿದ್ದು ಒಂದೇ ವಸ್ತು: ದೋಣಿ.

ತರಗತಿಯಲ್ಲಿ ಅವಳು ಒಮ್ಮೆ ಮಾತ್ರ ಪ್ರಶ್ನೆ ಕೇಳಿದಳು. ಧ್ವನಿಮುದ್ರಿಕೆಯನ್ನು ನಾನು ಮತ್ತೆ ಕೇಳಿ ನೋಡಿದ್ದೇನೆ, ಆದ್ದರಿಂದ ಇದು ನೆನಪಿನ ಮಾತಲ್ಲ. "ಸರ್, ಕೆಲವು ದಿನ ಸಮುದ್ರ ನಮ್ಮನ್ನು ಒಳಗೆ ಬಿಡುವುದಿಲ್ಲ. ಆ ದಿನಗಳಿಗೆ ಏನು ಬರೆಯಲಿ?"

"ಇಳುವರಿ ಇಲ್ಲದಿದ್ದರೆ ಸೊನ್ನೆ ಬರೆಯಿರಿ," ಎಂದೆ. "ಆದರೆ ಹೋಗಿ, ನೋಡಿ, ಬರೆಯಿರಿ. ಮನೆಯಲ್ಲಿ ಕುಳಿತು ಬರೆದ ಸೊನ್ನೆ ಸುಳ್ಳು."

ಇಬ್ರಾದ ಶಿಕ್ಷಕಿ ಅದನ್ನು ಸ್ವಾಹಿಲಿಯಲ್ಲಿ ಹೇಳಿದರು. ಪರದೆಯ ಚೌಕಗಳಲ್ಲಿದ್ದ ತಲೆಗಳು ಬಗ್ಗಿ ಬರೆದುಕೊಂಡವು. ಆ ಮಾತಿನ ಬಗ್ಗೆ ನನಗೆ ಆ ಸಂಜೆಯಿಡೀ ಹೆಮ್ಮೆಯಿತ್ತು.

ಮೊದಲ ತಿಂಗಳ ಅವಳ ಹಾಳೆಯಲ್ಲಿ ಎರಡು ಕಡೆ ಖಾಲಿ ಅಂಕಣಗಳಿದ್ದವು, ಪ್ರತಿ ಕಡೆ ಐದಾರು ದಿನಗಳ ಸಾಲು. ಉಳಿದೆಲ್ಲವೂ ಅಚ್ಚುಕಟ್ಟು. ಹೀಗೆ ಕ್ರಮವಾಗಿ ಬರುವ ಖಾಲಿಗೆ ಕಾರಣವೂ ಕ್ರಮವಾದದ್ದೇ ಇರಬೇಕು ಎಂಬುದು ಸಂಶೋಧಕನಿಗೆ ಹೊಳೆಯಬೇಕಾದ ಮೊದಲ ಸಂಗತಿ. ನನಗೆ ಹೊಳೆದದ್ದು ಸೋಮಾರಿತನ. ಹಾಳೆಯನ್ನು ಹಿಂತಿರುಗಿಸಿ, ದಾಖಲೆ ಹೀಗೇ ಮುಂದುವರಿದರೆ ದೋಣಿಯ ಬೇಡಿಕೆಯನ್ನು ಶಿಫಾರಸು ಮಾಡಲಾಗದೆಂದು ಬರೆದೆ. ಕಾಗದದಲ್ಲಿ ಒಂದೂ ಕಟುವಾದ ಪದವಿರಲಿಲ್ಲ.

ಎರಡನೆಯ ತಿಂಗಳು ಒಂದು ದಿನವೂ ತಪ್ಪಲಿಲ್ಲ. ಅಲ್ಲಿ ಹತ್ತು ಗಂಟೆಯೆಂದರೆ ನಮ್ಮಲ್ಲಿ ಹನ್ನೊಂದು. ಹನ್ನೊಂದರ ಸುಮಾರಿಗೆ ಫೋನು ಸಣ್ಣಗೆ ಸದ್ದು ಮಾಡುತ್ತಿತ್ತು. ಕೆಂಪು ಬಟ್ಟೆ ಕಟ್ಟಿದ ಮೂಲೆಗೂಟ, ಅದರ ಪಕ್ಕದಲ್ಲಿ ಅವಳು, ಸುತ್ತ ನೀರು. ಸಮೀಪದ ಹವಳದ ಬಂಡೆಯೊಂದರ ಮೇಲೆ ನಿಂತು ಗೆಳತಿಯೊಬ್ಬಳು ಅವಳದೇ ಫೋನಿನಿಂದ ಚಿತ್ರ ತೆಗೆಯುತ್ತಿದ್ದಳು. ನಾನು ಬೆರಳುಗಳಿಂದ ಚಿತ್ರದ ಮೂಲೆಯನ್ನು ಹಿಗ್ಗಿಸಿ ತಾರೀಕನ್ನೂ ಸಮಯವನ್ನೂ ನೋಡಿ, ನನ್ನ ಹಾಳೆಯಲ್ಲಿ ಗುರುತು ಹಾಕುತ್ತಿದ್ದೆ.

ಒಂದು ದಿನ ಹುರಿದ ಶೇಂಗಾ ತಂದಿಟ್ಟ ನನ್ನ ಹೆಂಡತಿ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಏನ್ರೀ ಇದು, ಆ ಹುಡುಗಿ ಕುತಗಿ ಮಟಾ ನೀರಾಗ ಯಾಕ ನಿಂತಾಳ?"

"ಅವಳ ಹೊಲ ಅಲ್ಲಿದೆ."

"ಹೊಲ ಇದ್ದರ ಇರವಲ್ದ್ಯಾಕ. ಸೊಂಟಕ್ಕ ಎಣ್ಣಿ ಡಬ್ಬಿ ಕಟಗೊಂಡಾಳ ನೋಡ್ರಿ. ಖಾಲಿ ಡಬ್ಬಿ. ತೇಲಾಕ."

"ತಾರೀಕು ಸರಿಯಾಗಿದೆ," ಎಂದೆ.

"ಹೌದ? ತಾರೀಕು ಸರಿ ಇದ್ದರ ಮುಗೀತಲ್ಲ," ಎಂದು ಹೇಳಿ ಅವಳು ಒಳಗೆ ಹೋದಳು. ನಲವತ್ತಕ್ಕೂ ಹೆಚ್ಚು ವರ್ಷಗಳ ದಾಂಪತ್ಯದಲ್ಲಿ ಆ ಧಾಟಿಯನ್ನು ನಾನು ಬಲ್ಲೆ. ಆದರೂ ಆ ಚಿತ್ರಕ್ಕೆ ಗುರುತು ಹಾಕಿದೆ. ಆ ದಿನದ ಅಂಕಣದಲ್ಲಿ ಅವಳು ಸೊನ್ನೆ ಬರೆದಿದ್ದಳು. ಹೋಗಿ, ನೋಡಿ, ಬರೆದ ಸೊನ್ನೆ. ಆದ್ದರಿಂದ ನಿಜವಾದ ಸೊನ್ನೆ.

ಮುಂದಿನ ವಾರ ನೀರು ಮೊಣಕಾಲಿಗೆ ಇಳಿದಿತ್ತು. ನಾನು ಆ ವಿಷಯವನ್ನು ಮರೆತೆ. ಮರೆತೆ ಎಂಬುದಕ್ಕೆ ದಿನಚರಿಯೇ ಸಾಕ್ಷಿ. ಆ ಹದಿನೈದು ದಿನಗಳಲ್ಲಿ ಅಲ್ ಖೌದಿನ ಸೆಕೆ, ವಿದ್ಯುತ್ ಕಡಿತ, ವಾದಿ ಎಂದು ಇಲ್ಲಿ ಕರೆಯುವ ಒಣಹಳ್ಳದ ತಳದಲ್ಲಿ ಯಾರೋ ನಿಲ್ಲಿಸಿದ್ದ ಕಾರು, ಇಷ್ಟನ್ನೇ ಬರೆದಿದ್ದೇನೆ. ನಂತರ ಚಿತ್ರಗಳಲ್ಲಿ ನೀರು ಮತ್ತೆ ಏರತೊಡಗಿತು. ಈ ಬಾರಿ ಗಾಳಿಯೂ ತಿರುಗಿತ್ತು. ಶನಿವಾರ ತೊಡೆ, ಸೋಮವಾರ ಎದೆ, ಮಂಗಳವಾರ ಗಲ್ಲ. ಮಂಗಳವಾರದ ಚಿತ್ರದಲ್ಲಿ ಅವಳು ಒಂದು ಕೈಯಿಂದ ಗೂಟವನ್ನು ತಬ್ಬಿಕೊಂಡು ಬಾಯನ್ನು ಮೇಲಕ್ಕೆತ್ತಿದ್ದಳು. ಕೆಂಪು ಬಟ್ಟೆ ಗಾಳಿಗೆ ಮುಖದ ಮೇಲೆ ಬಿದ್ದಿತ್ತು. ಅಂದಿಗೂ ಗುರುತು ಹಾಕಿದ್ದೇನೆ. ಹಾಳೆ ನನ್ನ ಬಳಿಯಿದೆ.

ಬುಧವಾರ ಖುರುಮಿಗೆ ಹೋದದ್ದು ಬೇರೆ ಕಾರಣಕ್ಕೆ, ಜೇನಿನವನ ರಸೀದಿಗಳ ವಿಚಾರಕ್ಕೆ. ವರ್ತಕರು ಚಾ ತರಿಸಿದರು. "ನಮ್ಮ ಪಾಚಿ ಹುಡುಗಿ ಹೇಗಿದ್ದಾಳೆ?" ಎಂದು ಕೇಳಿದರು. ಅವಳ ಸಾಬೂನೊಂದು ಅವರ ಮೇಜಿನ ಮೇಲೆ ಮಾದರಿಯಾಗಿ ಇತ್ತು.

"ಅತ್ಯುತ್ತಮ ಕಡತ. ಒಂದು ಖಾಲಿಯೂ ಇಲ್ಲ," ಎಂದು ಫೋನನ್ನು ಅವರ ಕೈಗಿತ್ತೆ.

ಅವರು ನಗುತ್ತಲೇ ಚಿತ್ರಗಳನ್ನು ಸರಿಸಿದರು. ಶನಿವಾರ, ಭಾನುವಾರ. ಸೋಮವಾರದ ಬಳಿ ನಗು ನಿಂತಿತು. ಮಂಗಳವಾರದ ಚಿತ್ರವನ್ನು ಅವರು ಬಹಳ ಹೊತ್ತು ನೋಡಿದರು.

"ಇವತ್ತು ಎಷ್ಟು?"

ನಾನು ತಾರೀಕು ಹೇಳಿದೆ.

"ತಾರೀಕಲ್ಲ ಮಾರಾಯ್ರೆ, ಚಂದ್ರ! ಚಂದ್ರ ಎಷ್ಟು?" ಎನ್ನುತ್ತ ತಾವೇ ಗೋಡೆಯ ಹಿಜ್ರಿ ಪಂಚಾಂಗದ ಕಡೆ ತಿರುಗಿದರು. "ಇಪ್ಪತ್ತೆರಡು. ಅರ್ಧ ಚಂದ್ರ. ಡಾಕ್ಟ್ರೇ, ಈ ಹತ್ತು ಗಂಟೆ ಇಟ್ಟದ್ದು ಯಾರು?"

"ನಾನು. ಅಳತೆ ಒಂದೇ ಗಂಟೆಗೆ ಆಗಬೇಕಲ್ಲ."

"ಸಮುದ್ರಕ್ಕೆ ಎಂತ ಗಂಟೆ? ಅಮಾಸೆ, ಹುಣ್ಣಿಮೆಗೆ ಹತ್ತಕ್ಕೆ ಅಲ್ಲಿ ನೀರು ಪೂರಾ ಹಿಂದೆ ಹೋಗಿರ್ತದೆ. ಆಗ ಹೆಂಗಸರು ನಡೆದೇ ಹೋಗ್ತಾರೆ, ಕೆಲಸ ಮಾಡ್ತಾರೆ, ವಾಪಸು ಬರ್ತಾರೆ. ಅರ್ಧ ಚಂದ್ರಕ್ಕೆ ಅದೇ ಹತ್ತಕ್ಕೆ ನೀರು ಏರಿ ನಿಂತಿರ್ತದೆ. ಆ ಐದಾರು ದಿನ ಯಾರೂ ಇಳಿಯುವುದಿಲ್ಲ. ನನ್ನ ಉಮ್ಮ ಹೊಳೆಬಾಗಿಲಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ನಮ್ಮನ್ನು ಸಾಕಿದ್ದು. ಚಂದ್ರ ನೋಡದೆ ಒಂದು ದಿನ ನೀರಿಗೆ ಕಾಲಿಟ್ಟವಳಲ್ಲ. ಇವಳನ್ನು ಈ ನೀರಿಗೆ ಇಳಿಸಿದ್ದು ಯಾರು?"

ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಕಿನ ಕೆಳಗೂ ತಿಥಿ ಅಚ್ಚಾಗಿರುತ್ತದೆ. ಏಕಾದಶಿಯೊಂದನ್ನು ಬಿಟ್ಟು ಬೇರಾವ ತಿಥಿಯನ್ನೂ ನಾನು ಅದರಲ್ಲಿ ಹುಡುಕಿದವನಲ್ಲ. ಬಾವಿಯ ನೀರು, ಕಾಲುವೆಯ ನೀರು, ಕೆರೆಯ ನೀರು ನನಗೆ ಗೊತ್ತು. ಅವು ಗಂಟೆಗೊಂದು ಎತ್ತರಕ್ಕೆ ಏಳುವುದಿಲ್ಲ. ಮೊದಲ ತಿಂಗಳ ಆ ಎರಡು ಖಾಲಿ ಸಾಲುಗಳು ಎರಡು ಅಷ್ಟಮಿಗಳ ಸುತ್ತಲಿನ ದಿನಗಳೆಂಬುದನ್ನು ಆಮೇಲೆ ತಾಳೆ ನೋಡಿದೆ. ಒಂದು ದಿನವೂ ಹೆಚ್ಚುಕಡಿಮೆ ಇರಲಿಲ್ಲ.

ಗೋಡೆಯ ಗಡಿಯಾರ ಹನ್ನೊಂದು ಇಪ್ಪತ್ತೈದು ತೋರಿಸುತ್ತಿತ್ತು. ಬುಧವಾರದ ಚಿತ್ರ ಬಂದಿರಲಿಲ್ಲ.

ಅವಳ ಫೋನಿಗೆ ಕರೆ ಮಾಡಿದೆ. ಮೊದಲ ಬಾರಿ ಕರೆ ಹೋಗಲೇ ಇಲ್ಲ. ಎರಡನೆಯ ಬಾರಿ, ಚಂದಾದಾರರು ಸಂಪರ್ಕದಲ್ಲಿಲ್ಲವೆಂದು ಹೆಂಗಸಿನ ದನಿಯೊಂದು ಸ್ವಾಹಿಲಿಯಲ್ಲಿ ಹೇಳಿತು. ಭಾಷೆ ಬಾರದಿದ್ದರೂ ಆ ಮಾತು ಎಲ್ಲ ದೇಶಗಳಲ್ಲೂ ಅರ್ಥವಾಗುತ್ತದೆ. ಇಬ್ರಾದ ಶಿಕ್ಷಕಿಗೆ ಕರೆ ಮಾಡಿ ಮಂಗಳವಾರದ ಚಿತ್ರವನ್ನು ಕಳುಹಿಸಿದೆ. ಅವರು ಅದುವರೆಗೆ ಚಿತ್ರಗಳನ್ನು ನೋಡಿರಲಿಲ್ಲ. ಅವರ ಕೆಲಸ ಮಾತಿನದು ಮಾತ್ರ. ಅವರ ಇಂಗ್ಲಿಷಿನ ಮಾತನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಡಾಕ್ಟರ್, ಹೋಗಿ ನೋಡಿ ಬರೆಯಿರಿ ಅಂತ ಅವರಿಗೆ ಹೇಳಿದ್ದು ನನ್ನ ಬಾಯಿ," ಎಂದರು. ಬಳಿಕ, "ಅವಳ ಹಳ್ಳಿಯಲ್ಲಿ ಯಾರಾದರೂ ಸಿಗುತ್ತಾರೆಯೇ ವಿಚಾರಿಸುತ್ತೇನೆ. ನೀವು ಅವಳ ನಂಬರಿಗೆ ಮತ್ತೆ ಮಾಡಬೇಡಿ, ಲೈನು ಖಾಲಿ ಇರಲಿ," ಎಂದರು.

ವರ್ತಕರು ಮೇಜಿನ ಹಿಂದೆ ಕುಳಿತಿದ್ದರು. ಇಬ್ಬರು ಗ್ರಾಹಕರು ಬಂದರು. "ಖಲಾಸ್, ನಾಳೆ ಬನ್ನಿ," ಎಂದು ಅವರನ್ನು ಬಾಗಿಲಿನಿಂದಲೇ ಕಳುಹಿಸಿದರು. ನಡುಹಗಲ ಆಜಾನ್ ಆಯಿತು. ಅವರು ಒಳಕೋಣೆಗೆ ಹೋಗಿ ನಮಾಜು ಮುಗಿಸಿ ಬಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕೆಳಗೆ ರಸ್ತೆಯಾಚೆ ಖುರುಮಿನ ಕಡಲತೀರದ ಒಂದು ತುಂಡು ಕಿಟಕಿಯಿಂದ ಕಾಣುತ್ತದೆ. ತಿಂಗಳುಗಟ್ಟಲೆ ಆ ಕಿಟಕಿಯ ಬಳಿ ಚಾ ಕುಡಿದಿದ್ದೇನೆ. ಬೆಳಿಗ್ಗೆ ಕಂಡಿದ್ದ ಮರಳಿನ ಪಟ್ಟಿ ಮಧ್ಯಾಹ್ನಕ್ಕೆ ಇರುವುದಿಲ್ಲ ಎಂಬುದನ್ನು ಗಮನಿಸಿದ್ದು ಆ ದಿನ. ಯಾವ ಗಂಟೆಗೆ ಅದು ಅರ್ಧವಾಯಿತೆಂದು ಬರೆದುಕೊಳ್ಳಲು ನನ್ನ ಕೈ ಜೇಬಿನ ಪೆನ್ನಿನವರೆಗೆ ಹೋಯಿತು.

ಮೂರು ಗಂಟೆ ದಾಟಿದ ಮೇಲೆ ಇಬ್ರಾದಿಂದ ಕರೆ ಬಂತು.

"ಬದುಕಿದ್ದಾಳೆ," ಎಂದರು ಶಿಕ್ಷಕಿ ಮೊದಲು. ಅವರು ಒಳ್ಳೆಯ ಶಿಕ್ಷಕಿ. ಯಾವುದನ್ನು ಮೊದಲು ಹೇಳಬೇಕೆಂದು ಬಲ್ಲವರು. "ಅಲೆಗೆ ಗೂಟ ಕಿತ್ತುಬಂತು. ಡಬ್ಬಿಯ ಹಗ್ಗ ಹಿಡಿದು ತೇಲುತ್ತಿದ್ದಳಂತೆ. ಆಕ್ಟೋಪಸ್ ಹಿಡಿಯುವವರ ದೋಣಿಯೊಂದು ಎಳೆದುಕೊಂಡಿತು. ನೀರು ಬಹಳ ಕುಡಿದಿದ್ದಾಳೆ. ಅವಳನ್ನು ಹಿಡಿಯಹೋಗಿ ಬಂಡೆಯ ಮೇಲಿದ್ದ ಗೆಳತಿಯ ಕೈಯಿಂದ ಫೋನು ನೀರಿಗೆ ಬಿತ್ತು. ಪಕ್ಕದ ಮನೆಯ ಫೋನಿನಿಂದ ಮಾತನಾಡುತ್ತಿದ್ದಾಳೆ. ಸಾಲಿನಲ್ಲಿದ್ದಾಳೆ ಡಾಕ್ಟರ್, ನಿಮ್ಮೊಡನೆಯೇ ಮಾತನಾಡಬೇಕಂತೆ."

ಮೂವರ ಕರೆಯಾಯಿತು. ವರ್ತಕರು ಸ್ಪೀಕರ್ ಒತ್ತಿ ಫೋನನ್ನು ಸಾಬೂನಿನ ಪಕ್ಕದಲ್ಲಿಟ್ಟರು. ಕೆಮ್ಮು ಕೇಳಿಸಿತು. ಒರಟಾದ, ಉಪ್ಪು ಹತ್ತಿದ ಗಂಟಲಿನಿಂದ ಅವಳು ಸ್ವಾಹಿಲಿಯಲ್ಲಿ ಏನೋ ಹೇಳಿದಳು.

"ಏನಂತೆ ಉಸ್ತಾದಾ?" ಎಂದು ವರ್ತಕರು ಶಿಕ್ಷಕಿಯನ್ನು ಕೇಳಿದರು.

"ಇವತ್ತಿನ ಚಿತ್ರ ಇಲ್ಲ, ಕ್ಷಮಿಸಿ ಅನ್ನುತ್ತಿದ್ದಾಳೆ. ನಾಳೆ ಹತ್ತಕ್ಕೆ ಈ ಫೋನಿನಿಂದ ತೆಗೆಯುತ್ತಾಳಂತೆ. ನಾಳೆ ಎರಡು ಚಿತ್ರ ಕಳುಹಿಸಿದರೆ ಇವತ್ತಿನ ಖಾಲಿ ತುಂಬುತ್ತದೆಯೇ ಅಂತ ಕೇಳುತ್ತಾಳೆ."

ವರ್ತಕರು ಎರಡೂ ಕೈಗಳಿಂದ ತಮ್ಮ ಟೊಪ್ಪಿಯನ್ನು ತೆಗೆದು ಮೇಜಿನ ಮೇಲಿಟ್ಟರು.

"ಹೋಗಬೇಡ ಎಂದು ಹೇಳಿ," ಎಂದೆ. "ನಾಳೆ ಹೋಗಬೇಡ. ಅಮಾವಾಸ್ಯೆ ಬರುವವರೆಗೆ ಹೋಗಬೇಡ. ನಿಯಮ ತಪ್ಪಾಗಿತ್ತು. ತಪ್ಪು ನನ್ನದು."

ಶಿಕ್ಷಕಿ ಹೇಳಿದರು. ಆಚೆ ಕಡೆ ಎಲ್ಲೋ ಕೋಳಿಯೊಂದು ಕೂಗುತ್ತಿತ್ತು. ಆಮೇಲೆ ಅವಳು ಶಿಕ್ಷಕಿಯನ್ನು ಬಿಟ್ಟು ನೇರವಾಗಿ, ತನ್ನ ಶಾಲೆಯ ಇಂಗ್ಲಿಷಿನಲ್ಲಿ ಕೇಳಿದಳು:

"ಹಾಗಾದರೆ ದೋಣಿ ಇಲ್ಲವೇ, ಸರ್?"

ನಾನು ವರ್ತಕರತ್ತ ನೋಡಿದೆ. ಅವರು ತಲೆಯಾಡಿಸಿ, ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಹೇಳಿದರು: "ನಾನೊಬ್ಬನೇ ಹೂಂ ಅಂದ್ರೆ ಆಗುವುದಿಲ್ಲ. ಪಾರ್ಟ್ನರ್ ಊರಲ್ಲಿಲ್ಲ, ಸಹಿ ಅವರದ್ದು. ಖಾಲಿ ಇರುವ ಕಡತ ಅವರು ಮುಟ್ಟುವುದಿಲ್ಲ. ಆ ನಿಯಮ ಅವರಿಗೆ ಭಾರಿ ಇಷ್ಟ ಉಂಟು. ಬರಲಿ, ಮಾತಾಡುವ."

"ಸರ್?" ಎಂದಳು ಅವಳು. "ದೋಣಿ ಇಲ್ಲವಾದರೆ ನಾಳೆ ಹೋಗುತ್ತೇನೆ. ನನ್ನಿಂದ ಆಗುತ್ತದೆ. ಬೇರೆ ಗೂಟ ಇದೆ."

ಅವಳ ದನಿಯಲ್ಲಿ ಹಟವಿರಲಿಲ್ಲ. ತರಬೇತಿಯಲ್ಲಿ ನಾವು ಕಲಿಸಿದ್ದ ಉತ್ಸಾಹವಿತ್ತು. ಸಮಿತಿಯ ಮುಂದೆ ಇಡುತ್ತೇನೆ, ಪ್ರಯತ್ನಿಸುತ್ತೇನೆ ಎಂಬ ಪ್ರಾಮಾಣಿಕ ಉತ್ತರ ನನ್ನ ನಾಲಿಗೆಯ ಮೇಲಿತ್ತು. ಆ ಉತ್ತರ ಅವಳನ್ನು ಮರುದಿನ ಹತ್ತು ಗಂಟೆಗೆ ಎಲ್ಲಿ ನಿಲ್ಲಿಸುತ್ತದೆಂಬುದು ಸ್ಪಷ್ಟವಾಗಿತ್ತು.

"ದೋಣಿ ಮಂಜೂರಾಗಿದೆ," ಎಂದೆ.

ವರ್ತಕರು ತಲೆಯೆತ್ತಿದರು. ಇಬ್ರಾದ ಕಡೆಯಿಂದ ಉಸಿರೆಳೆದ ಸದ್ದು ಕೇಳಿಸಿತು. ಯುವತಿ ಮಾತ್ರ ಸಂಭ್ರಮಿಸಲಿಲ್ಲ. ದಾಖಲೆಗಳ ಪಾಠದಲ್ಲಿ ಅವಳಿಗೆ ಒಳ್ಳೆಯ ಅಂಕಗಳು ಬಂದಿದ್ದವು.

"ಯಾವ ತಾರೀಕಿಗೆ, ಸರ್?"

ನಾನು ಒಂದು ತಾರೀಕು ಹೇಳಿದೆ. ದಿನ, ತಿಂಗಳು, ವಾರ, ಎಲ್ಲವನ್ನೂ ಹೇಳಿದೆ. ಅವಳು ಅದನ್ನು ಎರಡು ಬಾರಿ ಹೇಳಿಸಿ ಬರೆದುಕೊಂಡಳು. ಯಾವ ಕಡತದಲ್ಲೂ, ಯಾವ ಪತ್ರದಲ್ಲೂ, ಯಾರ ದಿನಚರಿಯಲ್ಲೂ ಇಲ್ಲದ ತಾರೀಕು ಅದು. ಮೇಜಿನ ಅಂಚನ್ನು ಹಿಡಿದು ನಿಂತಿದ್ದ ನಾನು ಆ ಕ್ಷಣದಲ್ಲಿ ಹೊಸೆದದ್ದು. ಫೋನು ಇಟ್ಟ ಮೇಲೆ ವರ್ತಕರು, "ಅಷ್ಟರೊಳಗೆ ಪಾರ್ಟ್ನರ್ ಬಾರದಿದ್ರೆ?" ಎಂದು ಕೇಳಿದರು. ನಾನು ಕಾರಿನ ಕೀ ಹುಡುಕುವವನಂತೆ ಜೇಬು ತಡಕಿದೆ.

ಅವಳು ನೀರಿಗೆ ಇಳಿದಿಲ್ಲವೆಂದು ಇಬ್ರಾದ ಶಿಕ್ಷಕಿ ದಿನವೂ ತಿಳಿಸುತ್ತಾರೆ. ಸಾಬೂನಿನ ಅಚ್ಚುಗಳನ್ನು ಬದಿಗಿಟ್ಟು, ದೋಣಿ ಕಟ್ಟಲು ತೀರದಲ್ಲಿ ಜಾಗ ಹಸನು ಮಾಡುತ್ತಿದ್ದಾಳಂತೆ. ಐವರು ಹೆಂಗಸರೂ ಸೇರಿ ಹಗ್ಗ ಹೊಸೆಯುತ್ತಿದ್ದಾರಂತೆ. ತಾರೀಕನ್ನು ಸೀಮೆಸುಣ್ಣದಿಂದ ಬಾಗಿಲ ಮೇಲೆ ಬರೆದಿದ್ದಾರಂತೆ. ಪಾಲುದಾರರು ಹಿಂತಿರುಗಿಲ್ಲ. ವರ್ತಕರು ಎರಡು ಬಾರಿ ಫೋನು ಮಾಡಿದರು. ಕಡತದಲ್ಲಿ ಒಂದು ಅಂಕಣ ಖಾಲಿಯಿದೆಯಲ್ಲ ಎಂಬುದು ಎರಡು ಬಾರಿಯೂ ಬಂದ ಉತ್ತರ. ನಿಯಮವನ್ನು ತಿದ್ದಲು ನಾನು ಬರೆದ ಮನವಿಯನ್ನು ಅವರು ಓದಿದ್ದಾರೋ ಇಲ್ಲವೋ ತಿಳಿಯದು. ಇದನ್ನು ಬರೆಯುತ್ತಿರುವಾಗ ನಾನು ಹೇಳಿದ ತಾರೀಕಿಗೆ ಒಂಬತ್ತು ದಿನಗಳಿವೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅದರ ಕೆಳಗಿನ ತಿಥಿಯನ್ನು ನೋಡಿದ್ದೇನೆ. ಸಪ್ತಮಿ. ಮರುದಿನ ಅಷ್ಟಮಿ, ಅರ್ಧ ಚಂದ್ರ.